ಚಂದ್ರನ ಚುಕ್ಕಿ, ಕಾಕಾನ ಡಬ್ಬಿ

ಭಾಳ ಓದಿದವರು ಒಬ್ಬರು ಮನ್ಯಾಗ ಇದ್ದರ ನಗಾಕ ಬ್ಯಾರೆ ಕಡೆ ಹೋಗೋ ಕೆಲಸಿಲ್ಲ. ನಮ್ಮ ಕಾಕಾ ಹಂಗ. ಚಂದ್ರನ ಸುತ್ತ ತಿರಗೋ ಉಪಗ್ರಹ ಕಳಸೋ ಫೋಟೋ ಸಣ್ಣ ಮಾಡೋದು ಅವರ ನೌಕರಿ. ನಾ ಹತ್ತನೇತ್ತೆ ಗಣಿತದಾಗ ಒಂದ ಮಾರ್ಕಿಗೆ ಡುಮ್ಕಿ ಹೊಡೆದೆ. "ಇವನ್ನ ನಾ ಪಾಸ್ ಮಾಡಸ್ತೀನಿ" ಅಂತ ಕಾಕಾ ನಮ್ಮ ತೆಲುಗು ಮಂದಿ ಕಾಲನಿಗೆಲ್ಲಾ ಸಾರಿ, ನನ್ನ ಫೋನ್ ಕಸಗೊಂಡರು. "ನಿನಗ ಸಿಗದ ಜಾಗಾದಾಗ ಇಡ್ತೀನಿ. ಪಾಸಾದ ದಿನ ವಾಪಸ್."

ಫೋನ್ ಇಲ್ಲದ ಬಾಳು ಅಂದ್ರ ಏನಂತ ಆವತ್ತ ಗೊತ್ತಾತು.

ನೂರು ಸಲ

ಮೊದಲ ಪಾಠ. "ಅಲ್ಲಿಂದ ಫೋಟೋ ಬರೋ ದಾರಿ ಭಾಳ ಸಣ್ಣದೋ. ಬ್ಯಾಸಗ್ಯಾಗ ನಮ್ಮ ಕಾಲನಿ ನಳ ಇದ್ದಂಗ. ಸಾಲಿನಾಗ ನೂರು ಕರಿ ಚುಕ್ಕಿ ಇದ್ದರ ನೂರೂ ಕಳಸಂಗಿಲ್ಲ. 'ಕರಿ, ನೂರು' ಅಂತಷ್ಟ ಕಳಸೋದು. ಇಲ್ಲಿ ಬಿಚ್ಚಿದರ ಒಂದು ಚುಕ್ಕಿನೂ ಕಳದಿರಂಗಿಲ್ಲ. ಅದಕ್ಕ ಲಾಸ್‌ಲೆಸ್ ಅಂತಾರ."

ಮರುದಿನ ಅವರ ಚಪ್ಪಲಿಗೆ ಗೋಂದು ಹಚ್ಚಿ ಸಿಕ್ಕಿಬಿದ್ದೆ. "'ಇನ್ನ ಕಿತಾಪತಿ ಮಾಡಂಗಿಲ್ಲ' ಅಂತ ನೂರು ಸಲ ಬರಿ!" ಅಂದ್ರು. ಒಮ್ಮೆ ಬರದು, ಮುಂದ 'ನೂರು' ಅಂತ ಹಾಕಿ ಕೊಟ್ಟೆ.

"ಉಳದದ್ದೆಲ್ಲಿ?"

"ಬಿಚ್ಚಿ ನೋಡ್ರಿ ಕಾಕಾ. ಒಂದೂ ಕಳದಿಲ್ಲ."

ಫರಕ್ ಅಷ್ಟ

ಎರಡನೇ ಪಾಠ. "ಸಾಲು ಸಾಲೂ ಪೂರಾ ಯಾಕ ಕಳಸಬೇಕು? ಹಿಂದಿನ ಸಾಲಿಗೂ ಇದಕ್ಕೂ ಇರೋ ಫರಕ್ ಅಷ್ಟ ಕಳಸಿದರ ಸಾಕು."

ನನ್ನ ತಲಿಗೆ ಹತ್ತಲಿಲ್ಲ. ಅಡಗಿ ಮನ್ಯಾಗಿದ್ದ ಕಾಕಾನ ಹೆಂಡತಿ, ನಮ್ಮ ಕಾಕುಗ ಹತ್ತಿತು. ಸಂಜೀಕ ಕಾಕಾ, "ಊಟಕ್ಕೇನೈತಿ?" ಅಂದ್ರ, ಆಕಿ ತಿರುಗಿನೂ ನೋಡದ ಅಂದಳು:

"ನಿನ್ನಿದ. ಫರಕ್ ಅಂದ್ರ ಇವತ್ತ ಉಪ್ಪಿಲ್ಲ."

ಡಬ್ಬಿ

ಚಂದ್ರನ ಚುಕ್ಕಿ ಕಳಕೊಳ್ಳದ ಈ ಮಹಾಶಯರು ಒಂದಿನ ಮೆಹದಿಪಟ್ಟಣಂ ಬಸ್ಸಿನಾಗ ಊಟದ ಡಬ್ಬಿ ಚೀಲದ ಸಮೇತ ಬಿಟ್ಟು ಇಳದು ಬಂದರು. ಮುಖ ನೋಡಬೇಕಿತ್ತು, ಸುಣ್ಣ ಬಳದಂಗ.

"ಒಂದು ಡಬ್ಬಿಗೆ ಇಷ್ಟ್ಯಾಕ ಹೆದರ್ತೀರಿ? ಹೊಸಾದು ತಂದರಾತು" ಅಂದಳು ಕಾಕು. ಕಾಕಾ ನನ್ನ ಕಡೆ ನೋಡಿದವರ ಸರ್ರನ ಒಳಗ ಹೋದರು.

ಆ ದಿನದಿಂದ ನನಗ ಪಾಠ ಬಂದ್. "ಅವಸರ ಬ್ಯಾಡೋ, ಮುಂದಿನ ವರ್ಷ ಪಾಸಾದ್ರೂ ನಡೀತೈತಿ" ಅನ್ನಾಕತ್ತರು. ಪಾಸ್ ಮಾಡಸೋ ಗುರು ಹಿಂಗ ಅಂದದ್ದು ಎಲ್ಲಿ ಕೇಳೀರಿ? ನಾ ಹಟಕ್ಕ ಬಿದ್ದು ಒಬ್ಬನ ಓದಿದೆ.

ರಿಸಲ್ಟ್

"ಎಷ್ಟು ಬಂತೋ?" ಕಾಕಾ ಕೇಳಿದರು.

"ಹೋದ ಸಲಕ್ಕೂ ಈ ಸಲಕ್ಕೂ ಫರಕ್ ಅಷ್ಟ ಹೇಳ್ತೀನ್ರಿ. ಒಂದು!"

ಮೂವತ್ನಾಕು ಹೋಗಿ ಮೂವತ್ತೈದು. ಪಾಸ್! ನಮ್ಮಪ್ಪ ಬಾಗಲಾಚೆ ಹೋಗಿ ತೆಲುಗಿನಾಗ "ಮಾವಾಡು ಪಾಸಯ್ಯಾಡು!", ನಮ್ಮ ಹುಡುಗ ಪಾಸಾದ, ಅಂತ ಒದರಿದ. ಕಾಕಾ ಒಬ್ಬರ ಚಪ್ಪಲಿ ಹುಡುಕಾಕತ್ತಿದ್ದರು.

"ಕಾಕಾ, ಫೋನ್ ಕೊಡ್ರಿ."

"ನಿನಗ ಸಿಗಬಾರದು ಅಂತ... ಊಟದ ಚೀಲದ ತಳದಾಗ ಇಟ್ಟಿದ್ದೆ."

"ಯಾವ ಚೀಲ?"

"ಬಸ್ಸಿನಾಗ ಹೋತಲ್ಲ, ಅದ."

ಮೂಲ್ಯಾಗ ಅಕ್ಕಿ ಆರಸ್ಕೊಂತ ಕುಂತಿದ್ದ ಅಜ್ಜಿ ಮಗನ್ನ ಮ್ಯಾಲಿಂದ ಕೆಳಗ ನೋಡಿ ಕಾಕುಗ ಕೇಳಿದಳು:

"ಇಂಥವನ ಕೈಯಾಗ ಚಂದ್ರನ್ನ ಕೊಟ್ಟವರ್ಯಾರವ್ವಾ?"