ಗೋಲುಗಳಿಲ್ಲದ ಹಾಕಿ ಚರಿತ್ರೆ

ನನ್ನ ಸೋದರಮಾವ ದೊಡ್ಡ ಚರಿತ್ರೆಕಾರರು. ಹೀಗೆಂದು ಅವರೇ ಹೇಳಿದ್ದು. ಬೇರೆ ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಆದರೆ ಅವರು ತಮ್ಮ ಕ್ಷೇತ್ರದಲ್ಲಿ ಜಗತ್ತಿಗೇ ಮೊದಲಿಗರು ಎಂಬುದನ್ನು ಶತ್ರುಗಳೂ ಒಪ್ಪಬೇಕು. ಕೆನಡಾದ ಒಂದು ವಿಶ್ವವಿದ್ಯಾಲಯದ ಗಂಡಸರ ಐಸ್ ಹಾಕಿ ತಂಡದ ಸಮಗ್ರ ಚರಿತ್ರೆಯನ್ನು ಕನ್ನಡದಲ್ಲಿ ಬರೆದವರು ಇನ್ಯಾರಿದ್ದಾರೆ, ಹೇಳಿ? ಬರೆಯೋಣವೆಂದು ಕನಸು ಕಂಡವರಾದರೂ ಇದ್ದಾರೆಯೇ? ಹನ್ನೊಂದು ನೋಟ್‌ಬುಕ್ಕು, ಎಲ್ಲವೂ ದುಂಡಗಿನ ಕನ್ನಡ ಅಕ್ಷರದಲ್ಲಿ, ಟೊರೆನ್ಸ್‌ನ ಅವರ ಮನೆಯ ಗರಾಜಿನಲ್ಲಿ, ಅಕ್ಕಿಮೂಟೆಯ ಮೇಲಿನ ಶೆಲ್ಫಿನಲ್ಲಿವೆ.

ಹಾಗೆಂದು ಮಾವ ಆಟಗಾರರೇನಲ್ಲ. ಒಂದು ದಿನವೂ ಕಾಲಿಗೆ ಸ್ಕೇಟ್ ಕಟ್ಟಿದವರಲ್ಲ. ಬಚ್ಚಲಿನ ಒದ್ದೆ ನೆಲದಲ್ಲೂ ಗೋಡೆ ಹಿಡಿದು ನಡೆಯುವ ಪೈಕಿ. ಕೆಲಸ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ. ಟೊರೆನ್ಸೋ, ಐಸ್ ಎಂಬುದು ಲೋಟದಲ್ಲಿ ಮಾತ್ರ ಕಾಣಿಸುವಂಥ ಬಿಸಿಲಿನ ಊರು.

2008ರಲ್ಲಿ ನಾನು ಪಸಡೀನಾಕ್ಕೆ ಪಿಎಚ್.ಡಿ. ಮಾಡಲು ಬಂದೆ. ನನ್ನನ್ನು ಕರೆದೊಯ್ಯಲು ವಿಮಾನ ನಿಲ್ದಾಣಕ್ಕೆ ಬಂದ ಮಾವ ನನ್ನ ಸೂಟ್‌ಕೇಸನ್ನು ಡಿಕ್ಕಿಗೆ ಹಾಕುತ್ತಾ ಕೇಳಿದ ಮೊದಲ ಪ್ರಶ್ನೆ ತಮ್ಮ ಅಕ್ಕ ಹೇಗಿದ್ದಾಳೆ ಎಂದಲ್ಲ.

“ಐಸ್ ಹಾಕಿ ಯಾವತ್ತಾದ್ರೂ ನೋಡಿದ್ಯೇನೇ?”

“ಇಲ್ಲ ಮಾವ.”

“ಒಳ್ಳೇದಾಯ್ತು. ತಪ್ಪು ತಿಳುವಳಿಕೆ ಏನೂ ಇರಲ್ಲ.”

ಆಮೇಲೆ ಎರಡು ವಾರಕ್ಕೊಮ್ಮೆ ನಾನು ರೈಲು, ಬಸ್ಸು ಬದಲಿಸಿ ಟೊರೆನ್ಸ್‌ಗೆ ಹೋಗುವುದು ರೂಢಿಯಾಯಿತು. ಅತ್ತೆಯ ಕೈಯ ಸಾರಿಗಾಗಿ ಹೋಗುತ್ತಿದ್ದೆ. ಸಾರಿನ ಜೊತೆಗೆ ಒಂದು ಅಧ್ಯಾಯವನ್ನೂ ಕೇಳಬೇಕಿತ್ತು. ತಟ್ಟೆ ಇಡುವ ಮೊದಲೇ ಮಾವ ನೋಟ್‌ಬುಕ್ಕು ತೆರೆದರೆ ಅತ್ತೆ ಅಡುಗೆಮನೆಯಿಂದಲೇ ತಡೆಯುತ್ತಿದ್ದರು. “ಊಟ ಆದ್ಮೇಲೆ ಓದಿ. ಈಗ್ಲೇ ಶುರು ಮಾಡಿದ್ರೆ ಹುಡುಗಿ ಹಸ್ಕೊಂಡೇ ಓಡಿಹೋಗ್ತಾಳೆ.”

ಚರಿತ್ರೆ ಎಂದರೆ ಗೆಲುವು ಸೋಲು, ಯಾರು ಎಷ್ಟು ಗೋಲು ಹೊಡೆದರು, ಇಷ್ಟನ್ನು ನಾನು ನಿರೀಕ್ಷಿಸಿದ್ದೆ. ಮಾವನ ಚರಿತ್ರೆಯಲ್ಲಿ ಒಂದೂ ಗೋಲಿಲ್ಲ. ಮೊದಲ ಅಧ್ಯಾಯದ ಹೆಸರು ‘ಮೊಣಕೈ’. ಎರಡನೆಯದು ‘ಅಡ್ಡಗಾಲು’. ಮೂರನೆಯದು ‘ಕೋಲಿನಿಂದ ತಿವಿದದ್ದು’. ಗಾಬರಿಯಾಗಬೇಡಿ, ವಿವರಿಸುತ್ತೇನೆ. ಐಸ್ ಹಾಕಿಯಲ್ಲಿ ತಪ್ಪು ಮಾಡಿದ ಆಟಗಾರನನ್ನು ಅಂಗಳದ ಪಕ್ಕದ ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಎರಡು ನಿಮಿಷ ಕೂರಿಸುತ್ತಾರೆ. ಅಲ್ಲಿ ಗಡಿಯಾರ ನೋಡಿಕೊಂಡು, ಹೊತ್ತು ಮುಗಿದ ಕೂಡಲೇ ಬಾಗಿಲು ತೆಗೆದು ಅವನನ್ನು ಬಿಡಲು ಒಬ್ಬ ಮನುಷ್ಯ ಬೇಕು. ಎಂ.ಎಸ್. ಓದಲು ಕೆನಡಾಕ್ಕೆ ಹೋಗಿದ್ದ ಮಾವನೇ ಆ ಮನುಷ್ಯ. ಅವರ ಕೈಗಡಿಯಾರ ಒಂದು ಸೆಕೆಂಡೂ ಹಿಂದೆ ಬೀಳದು ಎಂದು ಅವರ ಪ್ರೊಫೆಸರರೇ ಶಿಫಾರಸು ಮಾಡಿದ್ದರಂತೆ. ಎರಡು ಚಳಿಗಾಲ ಮಾವ ಆ ಗಾಜಿನ ಕೋಣೆಯಲ್ಲಿ ಕೂತರು, ಅಲ್ಲಿಂದ ಕಂಡದ್ದನ್ನೇ ಬರೆದರು. ಆಟಗಾರರಿಗೆ ಹೆಸರಿಲ್ಲ, ಅಂಗಿಯ ಮೇಲಿನ ನಂಬರೇ ಹೆಸರು.

“ಹದಿನೇಳು ಬಂದು ಕುಳಿತನು,” ಎಂದು ಮಾವ ಗಂಭೀರವಾಗಿ ಓದುತ್ತಿದ್ದರು. “ಮುಂದಿನ ಎರಡು ಹಲ್ಲು ಇಲ್ಲ. ತುಟಿಯಲ್ಲಿ ರಕ್ತ. ಹುರಿಗಡಲೆ ಕೊಟ್ಟೆನು. ಪಕ್ಕದ ಹಲ್ಲಿನಲ್ಲಿ ಅಗಿದು ತಿಂದನು. ಮತ್ತೆ ಕೈ ಚಾಚಿದನು.”

“ಆ ಮ್ಯಾಚ್ ಯಾರು ಗೆದ್ರು ಮಾವ?”

“ಗೊತ್ತಿಲ್ಲಮ್ಮ. ನಾನು ಗಡಿಯಾರ ನೋಡ್ತಿದ್ದೆ.”

ತಂಡದಲ್ಲೇ ಅತಿ ಹೆಚ್ಚು ತಪ್ಪು ಮಾಡುತ್ತಿದ್ದವನು ಈ ಹದಿನೇಳು. ಹಾಗಾಗಿ ಚರಿತ್ರೆಯ ಕಥಾನಾಯಕ ಅವನೇ. ಅಜ್ಜಿ ಅಂಚೆಯಲ್ಲಿ ಕಳಿಸುತ್ತಿದ್ದ ಹುರಿಗಡಲೆಯ ಅರ್ಧ ಡಬ್ಬಿ ಅವನ ಹೊಟ್ಟೆಗೇ ಹೋಗಿದೆ. ಮಾವ ಇವತ್ತಿಗೂ ಕೋಟಿನ ಜೇಬಿನಲ್ಲಿ ಹುರಿಗಡಲೆಯ ಪುಟ್ಟ ಡಬ್ಬಿ ಇಲ್ಲದೆ ಮನೆಯಿಂದ ಹೊರಬೀಳುವುದಿಲ್ಲ.

ಏಳನೆಯ ನೋಟ್‌ಬುಕ್ಕಿನ ಕೊನೆಯ ಪುಟ ಓದುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು. “ಹದಿನೇಳು ಬಂದನು. ಕಡಲೆ ಬೇಡವೆಂದನು. ನಾಳೆ ತಾಯಿಗೆ ಆಪರೇಷನ್ ಎಂದನು. ಎರಡು ನಿಮಿಷ ಮುಗಿಯಿತು. ಬಾಗಿಲು ತೆಗೆದೆನು.” ಅದು ಆ ವರ್ಷದ ಕೊನೆಯ ಆಟ. ಮಾವನ ಎಂ.ಎಸ್. ಕೂಡ ಮುಗಿದು ಅವರು ಕೆನಡಾ ಬಿಟ್ಟರು. ನೋಟ್‌ಬುಕ್ಕು ಮಡಿಸಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. “ಅವ್ರಮ್ಮಂಗೆ ಏನಾಯ್ತೋ, ಗೊತ್ತಾಗ್ಲೇ ಇಲ್ಲ ಕಣೇ.”

ಇಷ್ಟೆಲ್ಲ ಬರೆಯಲು ಕಾರಣವನ್ನು ಅತ್ತೆ ಒಮ್ಮೆ ಪಾತ್ರೆ ಒರೆಸುತ್ತಾ ಹೇಳಿದರು. ವಿಶ್ವವಿದ್ಯಾಲಯದವರು ತಂಡದ ನೆನಪಿಗೆಂದು ಒಂದು ಪುಸ್ತಕ ತಂದಿದ್ದರಂತೆ. ಮಾವ ಅದನ್ನು ತರಿಸಿಕೊಂಡು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನೋಡಿದರಂತೆ. ಕೋಚುಗಳಿದ್ದರು, ಡಾಕ್ಟರಿದ್ದರು, ಅಂಗಿ ಒಗೆಯುತ್ತಿದ್ದವರೂ ಇದ್ದರು. ಗಾಜಿನ ಕೋಣೆಯ ಸುದ್ದಿಯೇ ಇರಲಿಲ್ಲ. “ನಾನು ಅಲ್ಲಿದ್ದೆ ಅಂತ ಆ ಟೀಮಲ್ಲಿ ಒಬ್ರಾದ್ರೂ ಹೇಳ್ಬೇಕು ಅಂತ ಇವ್ರಿಗೆ,” ಎಂದರು ಅತ್ತೆ. “ಅದಕ್ಕೇ ಈ ಯಜ್ಞ.”

ಯಜ್ಞವೆಂದರೆ ಯಜ್ಞವೇ. ಹಳೆಯ ಆಟಗಾರರ ವಿಳಾಸ ಹುಡುಕಿ ಹುಡುಕಿ ಮಾವ ಪತ್ರ ಬರೆದರು. ‘ತಾವು ಶಿಕ್ಷೆಯ ಕೋಣೆಯಲ್ಲಿ ಕುಳಿತಿದ್ದಾಗ ಏನು ಯೋಚಿಸುತ್ತಿದ್ದಿರಿ? ಪಕ್ಕದಲ್ಲಿ ಯಾರಿದ್ದರು?’ ಒಬ್ಬರಿಂದ ಉತ್ತರ ಬಂತು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲವೆಂದು ವಕೀಲರ ಮೂಲಕ ತಿಳಿಸಿದ್ದರು.

ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ‘ನಮ್ಮ ಹಾಕಿ’ ಎಂದು ಭಾಷಣ ಮಾಡಿದ್ದೂ ಉಂಟು. ಮುಂದಿನ ಸಾಲಿನಲ್ಲಿ ಕೊಡಗಿನವರೊಬ್ಬರು ಎದೆಯುಬ್ಬಿಸಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಅವರಿಗೆ ಅನುಮಾನ ಬಂತು.

“ಸಾರ್, ಇದು ಯಾವ ಹಾಕಿ?”

“ಐಸ್ ಹಾಕಿ. ಕೆನಡಾದ್ದು.”

“ರಾಜ್ಯೋತ್ಸವಕ್ಕೂ ಅದಕ್ಕೂ ಏನು ಸಂಬಂಧ?”

“ನಾನೇ ಸಂಬಂಧ,” ಎಂದರು ಮಾವ, ನೀರು ಕುಡಿದು ಮುಂದುವರಿಸಿದರು.

ಮನೆಯಲ್ಲೂ ಒಂದು ಶಿಕ್ಷೆಯ ಕುರ್ಚಿಯಿತ್ತು, ಫ್ರಿಜ್ಜಿನ ಪಕ್ಕದಲ್ಲಿ. ಸಾರಿಗೆ ಉಪ್ಪು ಹೆಚ್ಚು ಹಾಕಿದರೆ ಅತ್ತೆಗೆ ಎರಡು ನಿಮಿಷ. ನಾನ್‌ಸ್ಟಿಕ್ ಬಾಣಲೆಯಲ್ಲಿ ಸ್ಟೀಲ್ ಸೌಟು ಆಡಿಸಿದ್ದಕ್ಕೆ ನನಗೆ ಎರಡು ನಿಮಿಷ. ತಮಾಷೆಯೆಂದರೆ ಶಿಕ್ಷೆಗೊಳಗಾದವರ ಪಕ್ಕದಲ್ಲಿ ಮಾವನೂ ಒಂದು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. ಹುರಿಗಡಲೆಯ ಡಬ್ಬಿ ತೆರೆಯುತ್ತಿದ್ದರು. “ಏನಮ್ಮ ಸಮಾಚಾರ?” ಎನ್ನುತ್ತಿದ್ದರು.

ಮೂರನೆಯ ವರ್ಷ ನನ್ನ ಸಂಶೋಧನೆ ನೆಲಕಚ್ಚಿತ್ತು. ಪಿಎಚ್.ಡಿ. ಬಿಡುವುದೆಂದು ಒಳಗೊಳಗೇ ತೀರ್ಮಾನಿಸಿದ್ದೆ, ಅಮ್ಮನಿಗೂ ಹೇಳಿರಲಿಲ್ಲ. ಅವತ್ತು ಮೊಸರಿನ ಡಬ್ಬಿಯ ಮುಚ್ಚಳ ಹಾಕದೆ ಬಿಟ್ಟಿದ್ದಕ್ಕೆ ಕುರ್ಚಿಗೆ ಹೋದೆ. “ಏನಮ್ಮ ಸಮಾಚಾರ?” ಎಂದರು. ಅಷ್ಟಕ್ಕೇ ಅಳು ಬಂತು. ಎಲ್ಲ ಹೇಳಿಬಿಟ್ಟೆ. ಮಾವ ಬುದ್ಧಿ ಹೇಳಲಿಲ್ಲ, ಗಡಿಯಾರ ನೋಡುತ್ತಾ ಕಡಲೆ ಕೊಡುತ್ತಾ ಹೋದರು.

“ಎರಡು ನಿಮಿಷ ಆಗ್ಲಿಲ್ವಾ ಮಾವ?” ಎಂದೆ, ಮೂಗು ಒರೆಸಿಕೊಂಡು.

“ಆಯ್ತು. ಏಳ್ಬೇಕು ಅನ್ಸಿದ್ರೆ ಏಳು. ಹೊರಗಡೆ ಆಟ ನಡೀತಾನೇ ಇರತ್ತೆ.” ಮತ್ತೆರಡು ಕಡಲೆ ಕೊಟ್ಟು, “ನಾನು ಕೆನಡಾಕ್ಕೆ ಹೋದ ಮೊದಲ ಚಳಿಗಾಲ ಒಬ್ರೂ ನನ್ನ ಹತ್ರ ಮಾತಾಡ್ಲಿಲ್ಲ ಕಣೇ. ಮಾತಾಡಿದ್ದು ಆ ಪೆಟ್ಟಿಗೆಗೆ ಬಂದೋರು ಮಾತ್ರ. ಅದೂ ಪಾಪ, ಅವ್ರಿಗೆ ಬೇರೆ ಕಡೆ ಹೋಗೋ ಹಾಗಿರ್ಲಿಲ್ಲ,” ಎಂದರು. ನಾನು ನಕ್ಕೆ. ಅವರೂ ನಕ್ಕರು. ಮಾರನೆಯ ದಿನ ನಾನು ಲ್ಯಾಬಿಗೆ ವಾಪಸು ಹೋದೆ.

ಪಿಎಚ್.ಡಿ. ಮುಗಿಸಿ ಸ್ಯಾನ್ ಡಿಯೇಗೋದ ಸೊರೆಂಟೊ ವ್ಯಾಲಿಯಲ್ಲಿ ಕೆಲಸಕ್ಕೆ ಸೇರಿದೆ. 2018ರಲ್ಲಿ ಒಂದು ದಿನ ಮಾವನ ಫೋನು. ದನಿಯೇ ಸರಿಯಿರಲಿಲ್ಲ. ವಿಶ್ವವಿದ್ಯಾಲಯ ತಂಡವನ್ನೇ ಮುಚ್ಚುತ್ತಿದೆಯಂತೆ. ನಿವೃತ್ತರಾಗಿ ಸ್ಯಾನ್ ಡಿಯೇಗೋಗೆ ಬಂದು ನೆಲೆಸಿರುವ ಏಳೆಂಟು ಹಳೆಯ ಆಟಗಾರರು ಅಲ್ಲಿನ ಐಸ್ ಅಂಗಳದಲ್ಲಿ ವಿದಾಯದ ಆಟ ಆಡುತ್ತಾರಂತೆ. ಜನ್ಮವಿಡೀ ಚಳಿಯನ್ನು ಬೈದು, ಬಿಸಿಲಿನ ಊರಿಗೆ ಓಡಿಬಂದು, ಇಲ್ಲಿ ಮತ್ತೆ ಐಸ್ ಹುಡುಕಿಕೊಂಡು ಹೋಗುವ ಇವರೂ ಮಾವನಿಗೆ ತಕ್ಕವರೇ! “ಹದಿನೇಳೂ ಬರ್ತಾನಂತೆ,” ಎಂದರು ಮಾವ. “ಅವತ್ತು ಆಯುಧಪೂಜೆ ಬೇರೆ.” ಆ ಕೊನೆಯ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಅವತ್ತು ಬೆಳಗ್ಗೆ, ಕಾರು ಬಂದು ನಿಂತಾಗ. ಮುಂದಿನ ಸೀಟಿನಲ್ಲಿ ಒಂದು ದೊಡ್ಡ ಬೂದುಗುಂಬಳಕಾಯಿ ಬೆಲ್ಟ್ ಹಾಕಿಕೊಂಡು ಕೂತಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ ಹನ್ನೊಂದು ನೋಟ್‌ಬುಕ್ಕುಗಳ ಜೊತೆ ಮುದುಡಿಕೊಂಡಿದ್ದರು. “ಕರ್ಪೂರ ಮಾತ್ರ ನಾನು ತರೋಕೆ ಬಿಡ್ಲಿಲ್ಲ,” ಎಂದು ನನ್ನ ಕಿವಿಯಲ್ಲಿ ಹೇಳಿದರು. “ಬೆಂಕಿ ಅಲಾರಂ ಹೊಡ್ಕೊಳತ್ತೆ ಅಂದೆ.”

ಐಸ್ ಅಂಗಳದಲ್ಲಿ ಹದಿನೇಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಆರಡಿ ಎತ್ತರದ ಮುದುಕರು, ನಕ್ಕರೆ ಮುಂದಿನ ಎರಡು ಹಲ್ಲಿನ ಜಾಗ ಖಾಲಿ. ಮಾವ ಏಳನೆಯ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವರು ಅದನ್ನು ತಲೆಕೆಳಗಾಗಿ ಹಿಡಿದು, ನಾಲ್ಕು ಪುಟ ತಿರುಗಿಸಿ, ಅಕ್ಷರ ಬಹಳ ಚೆನ್ನಾಗಿದೆ ಎಂದು ವಾಪಸು ಕೊಟ್ಟರು.

“ನನ್ನ ಗುರುತು ಸಿಕ್ತಾ?” ಎಂದು ಮಾವ ಇಂಗ್ಲಿಷಿನಲ್ಲಿ ಕೇಳಿದರು.

“ಓ, ಸಿಗದೆ ಏನು? ನೀವು ನಮ್ಮ ಟೀಮಿನ ಡಾಕ್ಟರು.”

“ಅಲ್ಲ,” ಎಂದರು ಮಾವ. ಹದಿನೇಳು ಅವರ ಭುಜ ತಟ್ಟಿ ಆಟಕ್ಕೆ ಹೋದರು. ಮಾವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ವಾಪಸು ಹೋಗೋಣವೇ ಎಂದು ಅತ್ತೆ ಕೇಳಿದರು. “ತಂದಿದ್ದಾಗಿದೆ, ಪೂಜೆ ಮುಗಿಸ್ಬಿಡೋಣ,” ಎಂದು ಮಾವ ಎದ್ದರು.

ಅಂಗಳದ ಮ್ಯಾನೇಜರ್ ಹೆಂಗಸಿನ ಬಳಿ ಒಂದು ಸಣ್ಣ ಪ್ರಾರ್ಥನೆಗೆ ಅನುಮತಿ ಕೇಳಿದರು. ಕೈಮುಗಿದು ನಿಲ್ಲುತ್ತಾರೆಂದು ಆಕೆ ಧಾರಾಳವಾಗಿ ಒಪ್ಪಿದಳು. ಮಾವ ಐಸ್ ನುಣುಪು ಮಾಡುವ ಗಾಡಿಯ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಆಟಗಾರರ ಕೋಲುಗಳಿಗೆ ಅರಿಶಿನ ಕುಂಕುಮ ಹಚ್ಚಿದರು. ಅವರು ಸಂತೋಷದಿಂದಲೇ ಹಚ್ಚಿಸಿಕೊಂಡರು. ಆಮೇಲೆ ಕುಂಬಳಕಾಯಿಗೆ ತೂತು ಕೊರೆದು, ಕುಂಕುಮದ ನೀರು ತುಂಬಿ, ಎಲ್ಲರಿಗೂ ದೃಷ್ಟಿ ತೆಗೆದು, ಐಸಿನ ಅಂಚಿನಲ್ಲಿ ನಿಂತು ಎತ್ತಿ ಒಗೆದರು.

ನಮ್ಮ ರಸ್ತೆಗಳಲ್ಲಿ ಒಗೆದ ಕುಂಬಳಕಾಯಿ ಒಡೆಯುತ್ತದೆ. ಹುಟ್ಟಿದಾಗಿನಿಂದ ನಾವು ಕಂಡದ್ದು ಹಾಗೆಯೇ. ಐಸಿನ ಮೇಲೆ ಅದು ಒಡೆಯಲಿಲ್ಲ, ಜಾರಿತು. ಗಿರಗಿರನೆ ತಿರುಗುತ್ತಾ, ಕುಂಕುಮದ ಕೆಂಪು ಗೆರೆ ಎಳೆಯುತ್ತಾ, ಅಂಗಳದುದ್ದಕ್ಕೂ ಸಾಗಿತು. ಎಪ್ಪತ್ತು ವರ್ಷದ ಗೋಲ್‌ಕೀಪರ್ ಜೀವ ಮುಖ್ಯವೆಂದು ಪಕ್ಕಕ್ಕೆ ಸರಿದರು. ಕಾಯಿ ನೇರವಾಗಿ ಬಲೆಯೊಳಗೆ ಹೋಗಿ, ಹಿಂದಿನ ಕಂಬಿಗೆ ಬಡಿದು, ಅಲ್ಲಿ ಒಡೆಯಿತು. ಮಾವನ ಚರಿತ್ರೆಗೆ ಕಡೆಗೂ ಒಂದು ಗೋಲು ಬಂತು.

ಮ್ಯಾನೇಜರ್ ಓಡಿಬಂದಳು. ಬಾಯಿಂದ ಬೈಗುಳವೆಲ್ಲ ಒಟ್ಟಿಗೆ ಹೊರಟಿತು. ಮುದುಕರೆಲ್ಲ ಕೋಲಿಗೆ ಒರಗಿ ನಗುತ್ತಿದ್ದರು. ಹದಿನೇಳು ಮಧ್ಯೆ ಬಂದು ಆಕೆಯನ್ನು ಸಮಾಧಾನಪಡಿಸಿ, ಮಾವನ ಕಡೆ ಬೆರಳು ತೋರಿಸಿ ತೀರ್ಪು ಕೊಟ್ಟರು: ಎರಡು ನಿಮಿಷ!

ಮಾವ ತಲೆತಗ್ಗಿಸಿಕೊಂಡು ಗಾಜಿನ ಕೋಣೆಗೆ ನಡೆದರು. ಹೋಗುವಾಗ ತಮ್ಮ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟರು. “ಹೊತ್ತು ಸರಿಯಾಗಿ ನೋಡಮ್ಮ.” ನಾನು ಬಾಗಿಲ ಬಳಿ ನಿಂತೆ. ಒಳಗೆ ಹೋದ ಮಾವ ತಪ್ಪು ಮಾಡಿದವರು ಕೂರುವ ಮಧ್ಯದ ಜಾಗದಲ್ಲಿ ಕೂರಲಿಲ್ಲ. ಅಭ್ಯಾಸಬಲ ನೋಡಿ, ಬೆಂಚಿನ ತುದಿಗೆ ಹೋಗಿ, ಮೊಣಕಾಲು ಜೋಡಿಸಿ, ಒಂದು ಕೈಯನ್ನು ಚಿಲಕದ ಮೇಲಿಟ್ಟು, ಗಡಿಯಾರವಿಲ್ಲದ ಮಣಿಕಟ್ಟನ್ನು ನೋಡುತ್ತಾ ಕೂತರು.

ಆಟಕ್ಕೆ ಮರಳುತ್ತಿದ್ದ ಹದಿನೇಳು ಗಾಜಿನಾಚೆ ಅದನ್ನು ಕಂಡು ನಿಂತರು. ಸುಮಾರು ಹೊತ್ತು ನೋಡಿದರು. ಆಮೇಲೆ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಬೆಂಚಿನ ಮಧ್ಯದಲ್ಲಿ ಧೊಪ್ಪೆಂದು ಕೂತರು. ಕೈಗವಸು ಕಳಚಿ, ಅಂಗೈ ಚಾಚಿದರು.

ಮಾವ ಜೇಬಿನಿಂದ ಡಬ್ಬಿ ತೆಗೆದರು. ಅವಸರದಲ್ಲಿ ಮುಚ್ಚಳ ತೆರೆದಾಗ ಅರ್ಧ ಕಡಲೆ ನೆಲಕ್ಕೆ ಚೆಲ್ಲಿತು. ಹದಿನೇಳು ಸಿಕ್ಕಷ್ಟನ್ನು ಬಾಯಿಗೆ ಹಾಕಿಕೊಂಡು ಪಕ್ಕದ ಹಲ್ಲಿನಲ್ಲಿ ಅಗಿಯತೊಡಗಿದರು.

“ಅಮ್ಮನ ಆಪರೇಷನ್ ಏನಾಯ್ತು?” ಎಂದು ಮಾವ ಕೇಳಿದರು.

ಅವರು ಅಗಿಯುವುದನ್ನು ನಿಲ್ಲಿಸಿದರು. ಮಾವನ ಕಡೆ ತಿರುಗಿ, ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ಮೊದಲಿನಿಂದ ಹೇಳಲು ಶುರುಮಾಡಿದರು. ಹನ್ನೊಂದು ನೋಟ್‌ಬುಕ್ಕಿಗೆ ಇಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅತ್ತೆ ಪಕ್ಕಕ್ಕೆ ಬಂದು ನನ್ನ ಕೈ ಹಿಡಿದುಕೊಂಡರು. ಗಡಿಯಾರ ನೋಡಿದೆ. ಎರಡು ನಿಮಿಷ ಯಾವಾಗಲೋ ಮುಗಿದಿತ್ತು. ನಾನು ಬಾಗಿಲು ತೆಗೆಯಲಿಲ್ಲ.