ಒಂದೇ ಹೆಸರಿನ ಮಸ್ಟರು

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಿದ ನಾನು, ನನ್ನದೆಂದು ಹೇಳಿಕೊಳ್ಳುವಂಥ ಒಂದು ಪ್ರಬಂಧವನ್ನೂ ಬರೆದವನಲ್ಲ. "ದಿನವೂ ಒಂದು ಪುಟ ಬರೆಯಿರಿ, ಕಲ್ಪನೆ ತಾನಾಗಿ ಚಿಗುರುತ್ತದೆ" ಎಂದು ಪ್ರತಿ ಜೂನ್ ತಿಂಗಳಲ್ಲಿ ಗಂಭೀರವಾಗಿ ಬೋಧಿಸುತ್ತಿದ್ದೆ. ಅದು ನಿಜವೇ ಎಂದು ಪರೀಕ್ಷಿಸಿ ನೋಡುವ ಅಗತ್ಯ ಬಿದ್ದದ್ದು, ಮಕ್ಕಳಿಲ್ಲದೆ ನಮ್ಮ ಕನ್ನಡ ಶಾಲೆ ಮುಚ್ಚಿ, ನಾನು ಚೆಂಬೂರಿನ ಮನೆಯಲ್ಲಿ ಕುಳಿತ ಮೇಲೆ.

ನಮ್ಮ ಬಡಾವಣೆಯ ಕನ್ನಡ ಸಂಘ ಸ್ಮರಣ ಸಂಚಿಕೆಯೊಂದನ್ನು ತರುವುದಿತ್ತು. ಕಾರ್ಯದರ್ಶಿ ವಾಸಣ್ಣ ಉಡುಪಿ ಕಡೆಯವರು. ಸ್ಟೇಷನ್ ಬಳಿ ಹೋಟೆಲು ನಡೆಸುತ್ತಾರೆ. ತುಂಬಿದ ಸಭೆಯಲ್ಲಿ ಅವರು ಲೇಖನ ಕೇಳಿದಾಗ, "ಒಂದೇನು, ಮೂರು ತಿಂಗಳಲ್ಲಿ ತೊಂಬತ್ತು ಪುಟ ಬರೆಯುತ್ತೇನೆ, ಬೇಕಾದುದನ್ನು ಆರಿಸಿಕೊಳ್ಳಿ" ಎಂದುಬಿಟ್ಟೆ. ಮುಂದಿನ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಕುಳಿತಿದ್ದರು. ಇನ್ನು ಬರೆಯದಿದ್ದರೆ ಇಪ್ಪತ್ತೆಂಟು ವರ್ಷದ ನನ್ನ ಬೋಧನೆಯೇ ಸುಳ್ಳಾಗುವಂತಿತ್ತು.

ಶಿಸ್ತಿನಿಂದಲೇ ಆರಂಭಿಸಿದೆ. ಶಾಲೆ ಮುಚ್ಚಿದಾಗ, ಶಿಕ್ಷಕರು ದಿನವೂ ಹಾಜರಿಗೆ ಸಹಿ ಮಾಡುವ ಮಸ್ಟರೊಂದು ಖಾಲಿ ಉಳಿದಿತ್ತು. ಮುಖ್ಯೋಪಾಧ್ಯಾಯರನ್ನು ಕೇಳಿ ಮನೆಗೆ ತಂದಿದ್ದೆ. ತಾರೀಖು, ಬಂದ ವೇಳೆ, ಸಹಿ, ಕೊನೆಗೆ ಷರಾ: ಇಷ್ಟು ಅಂಕಣಗಳು. ದಿನವೂ ಬೆಳಿಗ್ಗೆ ಐದೂವರೆಗೆ ಕಿಟಕಿಯ ಪಕ್ಕದ ಮೇಜಿಗೆ 'ಬಂದು' ಸಹಿ ಹಾಕುತ್ತಿದ್ದೆ. ಅನಂತರ ಹೊಸ ನೋಟ್‌ಬುಕ್ ತೆರೆದು ಹೊರಗೆ ನೋಡುತ್ತಿದ್ದೆ.

ನಾಲ್ಕನೆಯ ಮಹಡಿಯ ಆ ಕಿಟಕಿ ಶಿಸ್ತಿಗೆ ಒಳ್ಳೆಯದಲ್ಲ. ದೂರದಲ್ಲಿ ರಿಫೈನರಿಯ ಚಿಮಣಿಯ ತುದಿಯಲ್ಲಿ ಜ್ವಾಲೆಯೊಂದು ನಿದ್ದೆಗಣ್ಣಿನಲ್ಲಿ ತೂಗುತ್ತಿರುತ್ತದೆ. ಅದರ ಸುತ್ತ ಮಂಜೋ ಹೊಗೆಯೋ ತಿಳಿಯದ ಒಂದು ನಸುಗೆಂಪು ಹರಡುತ್ತದೆ. ಕಟ್ಟಡಗಳೆಲ್ಲ ಬೇರು ಕಳಚಿಕೊಂಡು ತೇಲುವಂತೆ ಕಾಣುತ್ತವೆ. ನೋಡುನೋಡುತ್ತಿದ್ದಂತೆ ಆರೂವರೆ. ಹಾಲಿನವನು ಗಂಟೆ ಒತ್ತುತ್ತಿದ್ದ. ನೋಟ್‌ಬುಕ್ಕಿನಲ್ಲಿ ಕೆಂಪು ಅಂಚುಗೆರೆಯ ಹೊರತು ಬೇರೇನೂ ಇರುತ್ತಿರಲಿಲ್ಲ. ಕೆಲಸವಾಗದ ದಿನ ಕಾರಣ ನಮೂದಿಸಬೇಕೆಂಬುದು ಶಾಲೆಯ ನಿಯಮವಾದ್ದರಿಂದ, ಷರಾ ಅಂಕಣದಲ್ಲಿ ಪ್ರಾಮಾಣಿಕವಾಗಿ ಕಾರಣ ಬರೆದು ಏಳುತ್ತಿದ್ದೆ.

ಹೀಗೆ ಮೂರು ತಿಂಗಳು ಕಳೆದವು. ಹಾಜರಿ ನೂರಕ್ಕೆ ನೂರು, ಪುಟ ಸೊನ್ನೆ. ಒಂದು ಶುಕ್ರವಾರ ಫೋನಿನಲ್ಲಿ ವಾಸಣ್ಣನವರ ಧ್ವನಿ: "ಮಾಸ್ಟ್ರೇ, ಎಂತ ಆಯ್ತು ನಿಮ್ಮ ತೊಂಬತ್ತು ಪುಟ? ನಾಳೆ ಸಂಜೆ ಪ್ರೆಸ್ಸಿಗೆ ಹೋಗ್ಬೇಕು. ನಿಮಗೊಂದು ಪುಟ ಖಾಲಿ ಇಟ್ಟಿದ್ದೇನೆ ಮಾರಾಯ್ರೆ. ಹೆಸರು ಹಾಕಿ ಖಾಲಿಯೇ ಛಾಪಿಸುದಾ?"

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಒಳಗಿನ ಕೋಣೆಯಿಂದ ನಗು ಕೇಳಿಸಿತು. ಹೋಗಿ ನೋಡಿದರೆ, ನನ್ನ ಹೆಂಡತಿ ಗಿರಿಜಾ ಮಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ಅವಳ ಮಾತು ಧಾರವಾಡ ಬಿಟ್ಟಿಲ್ಲ.

"ಏನ್ರೀ, ಇದನ್ನೆಲ್ಲಾ ನೀವ ಬರದೀರೇನು? ಕೇಳ್ರಿಲ್ಲೆ: 'ಎದುರುಮನೆಯ ಎ.ಸಿ.ಯ ಮೇಲೆ ಕಾಗೆಯೊಂದು ಕುಳಿತು ನನ್ನನ್ನೇ ನೋಡಿತು. ನಾನು ಬರೆಯುವವನೆಂದು ನಂಬಿದಂತೆ ಕಂಡಿತು. ನಾಚಿಕೆಯಿಂದ ಬರೆಯಲಾಗಲಿಲ್ಲ.' ಇದೊಂದು ನೋಡ್ರಿ: 'ಜ್ವಾಲೆ ಇಂದು ಕಡಲಿನ ಕಡೆಗೆ ಬಾಗಿ ಏನೋ ಹೇಳುತ್ತಿತ್ತು. ಮಾತು ಮುಗಿಯುವ ತನಕ ಕಾಯುವುದು ಸೌಜನ್ಯವೆಂದು ಬರೆಯಲಿಲ್ಲ.'"

"ಅವು ಲೇಖನವಲ್ಲ, ಕಾರಣಗಳು" ಎಂದೆ ಬಿಗಿಯಾಗಿ.

"ಅಯ್ಯ, ಅದಕ್ಕ ಛಲೋ ಆಗ್ಯಾವ. ಲೇಖನ ಅಂತ ಕುಂತಿದ್ರ ನೀವು ಪೀಠಿಕಾದಾಗ ಸಾಯ್ತಿದ್ರಿ. ಸುಮ್ನ ಇವನ್ನ ನಕಲು ಮಾಡಿ ಕೊಡ್ರಿ."

ಮರುದಿನ ಬೆಳಿಗ್ಗೆ, ಬೇರೆ ದಾರಿಯಿಲ್ಲದೆ, ನಕಲು ಮಾಡಲು ಕುಳಿತೆ. ಕಾಗೆಯನ್ನು ಇಳಿಸಿಕೊಂಡೆ, ಅದರ ಹಿಂದೆ ಇನ್ನೊಂದು ಕಾಗೆ, ಮಸ್ಟರಿನಲ್ಲಿ ಇಲ್ಲದ್ದು, ತಾನಾಗಿ ಬಂದು ಕುಳಿತಿತು. ಹಾರ್ಬರ್ ಲೋಕಲ್ ರೈಲು ಹೋದ ಮೇಲೆ ಹಳಿಯಲ್ಲಿ ಉಳಿಯುವ ಸದ್ದು, ಶಾಲೆ ಬಿಟ್ಟ ಮೇಲೆ ಬೆಂಚುಗಳಲ್ಲಿ ಉಳಿಯುತ್ತಿದ್ದ ಸದ್ದಾಯಿತು. ಹಾಲಿನವನು ಯಾವಾಗ ಬಂದನೋ ಕೇಳಿಸಲಿಲ್ಲ. ತಲೆಯೆತ್ತಿದಾಗ ಬಿಸಿಲು ಮೇಜಿನ ಮೇಲಿತ್ತು, ಗಿರಿಜಾ ಯಾವಾಗಲೋ ಇಟ್ಟುಹೋದ ಚಹಾ ಕೆನೆಗಟ್ಟಿತ್ತು, ನೋಟ್‌ಬುಕ್ಕಿನ ಆರು ಪುಟ ತುಂಬಿದ್ದವು.

ಆಗ ನೆನಪಾಯಿತು: ಮೂರು ತಿಂಗಳಲ್ಲಿ ಮೊದಲ ಬಾರಿಗೆ ಸಹಿ ಹಾಕಲು ಮರೆತಿದ್ದೆ. ಗಾಬರಿಯಿಂದ ಮಸ್ಟರು ತೆರೆದರೆ, ಸಹಿಯ ಜಾಗದಲ್ಲಿ ಗಿರಿಜಾಳ ಅಕ್ಷರದಲ್ಲಿ ಕೆಂಪಗೆ 'ಗೈರುಹಾಜರಿ' ಎಂದಿತ್ತು. ಷರಾ ಅಂಕಣದಲ್ಲಿ ಕಾರಣ: 'ಬರಿಯಾಕ ಹತ್ಯಾರ.'

ಮಸ್ಟರಿನಲ್ಲಿ ಆಡುಮಾತು ಸಲ್ಲದೆಂದು, 'ಬರೆಯುತ್ತಿದ್ದಾರೆ' ಎಂದು ತಿದ್ದಲು ಕೆಂಪು ಪೆನ್ನಿಗಾಗಿ ಮೇಜನ್ನೆಲ್ಲ ತಡಕಾಡಿದೆ. ಅದು ಅಡುಗೆಮನೆಯಲ್ಲಿ, ಅವಳ ಕಿವಿಯ ಮೇಲಿತ್ತು, ಕೇಳುವ ಧೈರ್ಯವಾಗಲಿಲ್ಲ.