ಮ್ಯಾಲಿನ ಮನಿ ಫ್ರಿಜ್‌ನ್ಯಾಗಿನ ಹೂವಿನ ಗಡ್ಡಿ

ನಮ್ಮ ಮ್ಯಾಲಿನ ಮನ್ಯಾಗ ವರ್ಷಾ ಥಂಡಿ ಹತ್ರ ಬಂತಂದ್ರ ಏನರ ಒಂದು ಆಗಬೇಕ. ಏನೂ ಸಪ್ಪಳಿಲ್ಲ ಅಂದ್ರ ನನಗ ಜೀವ ತಡಿಯಂಗಿಲ್ಲ, ಮೊಸರಿಗೆ ಹೆಪ್ಪು ಕೇಳೂ ನೆವದಾಗ ಹತ್ತಿ ಹೋಗಿ ನೋಡಿ ಬರ್ತಿದ್ದೆ.

ಆಂಧ್ರ ಇನ್ನೂ ಒಂದ ಇದ್ದಾಗಿನ ಮಾತು. ಹೈದರಾಬಾದಿನ ಮೆಹದಿಪಟ್ಟಣಂ ಕಡೆ ನಮ್ಮ ಕಾಲನಿ. ಮ್ಯಾಲಿನ ಮನ್ಯಾಗ ಧಾರವಾಡ ಕಡಿ ಆಚಾರದ ಮಂದಿ: ಸರಕಾರಿ ಕಾರ್ಖಾನ್ಯಾಗ ದೊಡ್ಡ ನೌಕರಿ ಸಾಹೇಬ್ರು, ಅವರ ಹೆಂಡತಿ, ಸಾಹೇಬ್ರ ತಾಯಿ ಅಜ್ಜಿ. ಕಾಶ್ಮೀರ ನೋಡಿ ಬಂದಾಗಿಂದ ಸಾಹೇಬ್ರಿಗೆ ಒಂದ ಹುಚ್ಚು. ಅಲ್ಲಿ ಬರ್ಫ ಕರಗಿದ ಮ್ಯಾಲೆ ಏಳೂ ಹೂವು ಇಲ್ಲಿ ಟೆರೇಸ್ ಮ್ಯಾಲೆ ಅರಳಸಬೇಕಂತ. ಆ ಹೂವಿನ ಗಡ್ಡಿಗೆ ಮೊದಲ ಭಾಳ ಥಂಡಿ ಬೇಕಂತ. ಹೈದರಾಬಾದಿನ್ಯಾಗ ಥಂಡಿ ಎಲ್ಲೈತ್ರಿ? ಹೆಂಡತಿಯ ಫ್ರಿಜ್‌ನ್ಯಾಗ ಐತಿ.

ಚಾತುರ್ಮಾಸ

ಮೊದಲನೇ ಸಲ ಟ್ಯೂಲಿಪ್ ಗಡ್ಡಿ ತಂದು ಕಾಯಿಪಲ್ಲೆ ಇಡೂ ಡಬ್ಬ್ಯಾಗ ಇಟ್ರು. ನೋಡಾಕ ಥೇಟ್ ಉಳ್ಳಾಗಡ್ಡಿ. ಆ ಮನ್ಯಾಗ ಉಳ್ಳಾಗಡ್ಡಿ ಹೊಸ್ತಿಲಾ ದಾಟಂಗಿಲ್ಲ. ಅದರಾಗ ಚಾತುರ್ಮಾಸ ನಡದಿತ್ತು. ಅಜ್ಜಿ ಬೆಣ್ಣಿ ತಗೊಳ್ಳಾಕ ಫ್ರಿಜ್ ತಗದ್ರು.

"ಇದು ಯಾರ ಕೆಲಸ?" ಅಂತ ಸೊಸಿ ಮಾರಿ ನೋಡಿದ್ರು.

"ಅಮ್ಮಾ, ತಿನ್ನೂದಲ್ಲ ಅದು, ಹೂವಿಂದು," ಅಂದ್ರು ಸಾಹೇಬ್ರು.

"ಉಳ್ಳಾಗಡ್ಡಿಗೂ ಹೂ ಬರ್ತದಪಾ. ನನಗ ಕಲಸಬ್ಯಾಡ."

ಸಾಹೇಬ್ರು ಫೋಟೋ ತೋರಿಸಿದ್ರು, ಆಣಿ ಮಾಡಿದ್ರು. ಕಡೀಕ ಅಜ್ಜಿ ಒಂದು ಶರತ್ತಿನ ಮ್ಯಾಲೆ ಒಪ್ಪಿದ್ರು: ಶುದ್ಧ ಮಾಡಿ ಇಡಬೇಕು. ತಾವ ಕುಂತು ಗಡ್ಡಿ ಎಲ್ಲಾ ಅರಿಶಿಣ ನೀರಾಗ ತೊಳದು, ಹಸಿ ಮಡಿ ಬಟ್ಟ್ಯಾಗ ಸುತ್ತಿ, ತುಳಸಿ ದಳ ಹಾಕಿ ವಾಪಸ್ ಇಟ್ರು.

ಗಡ್ಡಿ ಎಲ್ಲಾ ಶುದ್ಧ ಆದುವು. ದೀಪಾವಳಿಯೊಳಗ ಕೊಳತೂ ಮುಗದಿದ್ದುವು.

ವಾಸನಿ

ಮರು ವರ್ಷ ಬ್ಯಾರೆ ಜಾತಿದು ಬಂತು. ಫ್ರಿಟಿಲೇರಿಯಾ ಅಂತ ಹೆಸರು. ಮುಷ್ಟಿಯಷ್ಟು ದೊಡ್ಡ ಗಡ್ಡಿ, ನಟ್ಟ ನಡುವ ತೂತು. ಅದರ ವಾಸನಿ ಏನ್ ಹೇಳ್ಲಿ, ಮಳ್ಯಾಗ ತೊಯ್ದ ನರಿ ಒಳಗ ಮಲಗಿದಂಗ. ಹಾಲು ನಾತ, ಹೋಳಿಗಿ ನಾತ. ಪಾಪ, ಹೆಂಡತಿ ಫ್ರಿಜ್ ಕೆಟ್ಟೈತಿ ಅಂತ ಮೆಕ್ಯಾನಿಕ್‌ನ ಕರಸಿದ್ಲು. ಅಂವಾ ಬಾಗಲಾ ತಗದು ಎರಡು ಹೆಜ್ಜಿ ಹಿಂದ ಸರದಾ.

"ಗ್ಯಾಸ್ ಬರಾಬರ್ ಹೈ ಅಮ್ಮಾ. ಅಂದರ್ ಕುಛ್ ಮರ್ ಗಯಾ." ಗ್ಯಾಸ್ ಸರಿ ಐತಿ, ಒಳಗ ಏನೋ ಸತ್ತೈತಿ ಅಂದಾ.

ಸಂಜೀಕ ಸಾಹೇಬ್ರು ಬಂದ ಕೂಡ್ಲೆ ಆಕಿ ಸೊಂಟದ ಮ್ಯಾಲೆ ಕೈ ಇಟ್ಟು ನಿಂತ್ಲು. ಹೆಪ್ಪಿನ ಬಟ್ಟಲಾ ಹಿಡಕೊಂಡು ನಾನೂ ನಿಂತಿದ್ದೆ.

"ಕೇಳ್ರಿ. ಶಿವರಾತ್ರಿಯೊಳಗ ನನಗ ಇದರ ಹೂ ತೋರಸ್ರಿ. ಇಲ್ಲಾಂದ್ರ ಗಡ್ಡಿ, ಕುಂಡ, ಮಣ್ಣು ಎಲ್ಲಾ ಗೇಟಿನ ಹೊರಗ. ಆಮ್ಯಾಲೆ ಈ ಜನ್ಮದಾಗ ಅದರ ಹೆಸರು ಎತ್ತಬಾರದು."

ಸಾಹೇಬ್ರು ಫ್ರಿಜ್ ತಗದು ಗಡ್ಡಿ ಮುಟ್ಟಿ ನೋಡಿದ್ರು.

"ಈಗ ಹೊರಗ ಬ್ಯಾಡ," ಅಂದ್ರು. "ಅವುಕ್ಕ ಥಂಡಿ ಇನ್ನೂ ಸಾಕಾಗಿಲ್ಲ."

ಬರ್ಫ

ಸಂಕ್ರಾಂತಿ ಮುಂದ ಗಡ್ಡಿ ಕುಂಡಕ್ಕ ಇಳದುವು. ಮ್ಯಾಲೆ ಬಿಸಲು. ಸಾಹೇಬ್ರು ದಿನಾ ಕಬ್ಬಿನ ಹಾಲಿನ ಬಂಡಿಯವನ ಕಡಿಂದ ಬರ್ಫ ತಂದು ಕುಂಡದ ಸುತ್ತ ಜೋಡಸೋರು. ಮ್ಯಾಲೆ ಒಂದು ಛತ್ರಿ. ತಾವು ಬಿಸಲಾಗ.

ಒಂದು ದಿನ ಊರಿಂದ ಅವರ ಬೀಗರು ಬಂದ್ರು. ಬೆವತು ನೀರಾಗಿದ್ರು. "ಸ್ವಲ್ಪ ತಣ್ಣಗಿಂದು ಕೊಡ್ರಿ," ಅಂದ್ರು.

ಅಜ್ಜಿ ಬಿಂದಗಿ ನೀರು ಕೊಟ್ಟು ಹೇಳಿದ್ರು: "ತಣ್ಣಗಿಂದು ಬೇಕಾದ್ರ ಮ್ಯಾಲೆ ಹೋಗಿ ಕುಂಡದಾಗ ಕೂಡ್ರಿ."

ಹೂವು

ಮೊಳಕಿ ಬಂತು, ಎಲಿ ಬಂತು, ಮೊಗ್ಗೂ ಬಂತು. ಶಿವರಾತ್ರಿ ಹತ್ರ ಬಂದಂಗ ಸಾಹೇಬ್ರಿಗೆ ಊಟ ಸೇರವಲ್ದು. ಹೆಂಡತಿ ಬಾಯಿಲೆ ಬೈತಿದ್ಲು ಖರೆ, ಅವರು ಡ್ಯೂಟಿಗೆ ಹೋದ ಮ್ಯಾಲೆ ತಾನ ಹೋಗಿ ಹೋಗಿ ನೋಡಿ ಬರ್ತಿದ್ಲು.

ಶಿವರಾತ್ರಿ ಹಿಂದಿನ ದಿನ ಮಧ್ಯಾಹ್ನ ಆಕಿ ಒದರಿದ್ದು ಕೆಳಗ ಕೇಳಸ್ತು. ಓಡಿ ಹೋದೆ. ಕಿತ್ತಳಿ ಬಣ್ಣದ ಹೂವು ಗಂಟಿ ಗೊಂಚಲದಂಗ ಬಿಟ್ಟಿದ್ದುವು. ಎಲ್ಲಾನೂ ತಲಿ ಕೆಳಗ ಹಾಕಿದ್ದುವು.

"ಬಾಡಿ ಹೋದುವ್ರಿ," ಅಂದ್ಲು. ಕಣ್ಣಾಗ ನೀರು. "ಮನಷ್ಯಾ ಸಂಜೀಕ ಬಂದು ನೋಡಿದ್ರ ಎದಿ ಒಡಕೋತದ."

ಅಜ್ಜಿ ಧೈರ್ಯ ಹೇಳಿದ್ರು. ಅತ್ತಿ-ಸೊಸಿ ಕೂಡಿ ಕೋಲು ನೆಟ್ಟು, ಒಂದೊಂದ ಹೂವಿನ ಗದ್ದಾ ಎತ್ತಿ, ದಾರದಲೆ ಬಿಗದು ಮಾರಿ ಮ್ಯಾಲೆ ಮಾಡಿದ್ರು. ಚೇತರಿಸಿಕೊಳ್ಲಿ ಅಂತ ಒಂದೊಂದರಾಗ ಚಮಚದಲೆ ನೀರೂ ತುಂಬಿದ್ರು. ನಾ ಬರೇ ದಾರ ಕೊಟ್ಟೆ.

ಸಂಜೀಕ ಸಾಹೇಬ್ರು ಬಂದ್ರು. ನೋಡಿದ್ರು. ಒಂದೊಂದ ಕೋಲು ಮುಟ್ಟಿ ನೋಡಿದ್ರು.

"ಇದು ತಲಿ ಕೆಳಗ ಹಾಕೇ ಅರಳೂ ಹೂವು," ಅಂದ್ರು ಕಡೀಕ. "ಕೆಳಗ ಮಲಗಿ ಮ್ಯಾಲೆ ನೋಡಬೇಕು. ಒಳಗ ಮುತ್ತಿನಂಥಾ ಹನಿ ಇರ್ತಾವ."

"ವರ್ಷಗಟ್ಟಲೆ ತಲಿ ತಿಂದೀರಿ, ಇದೊಂದು ಮಾತು ಹೇಳಲಿಕ್ಕೆ ಆಗಲಿಲ್ಲೇನ್ರಿ?" ಅಂದ್ಲು ಹೆಂಡತಿ. ಆಮ್ಯಾಲೆ ದನಿ ಇಳಿಸಿ, "ಇರಲಿ. ಹೂ ಅಂತೂ ನೋಡಿದೆ. ಮುಂದಿನ ವರ್ಷನೂ ಫ್ರಿಜ್ಜಿನ ಡಬ್ಬಿ ನಿಮ್ಮದ," ಅಂದ್ಲು.

ಸಾಹೇಬ್ರು ಖುಷಿಲೆ ಫರಶಿ ಮ್ಯಾಲೆ ಅಂಗಾತ ಮಲಗಿ, ಕೈ ಚಾಚಿ ದಾರ ಬಿಚ್ಚಿದ್ರು. ಹೂವು ಎಲ್ಲಾ ಒಮ್ಮೆಲೆ ತಿರುಗಿದುವು. ತುಂಬಿದ ನೀರೆಲ್ಲಾ ಮಾರಿ ಮ್ಯಾಲೆ. ಕಣ್ಣು ಮುಚ್ಚಿ ಹಂಗ ಬಿದ್ದಕೊಂಡ್ರು, ಅಲಗವಲ್ರು.

ಅಜ್ಜಿ ಬಗ್ಗಿ ಮಗನ್ನ ನೋಡಿದ್ರು, ಸೊಸಿ ಕಡೆ ತಿರುಗಿದ್ರು.

"ಇವನೂ ಬಾಡ್ಯಾನ. ಇನ್ನೊಂದು ಕೋಲು ತಾರವಾ."